ಹೊಗೆಯ ಇಂಗಾಲದಿಂದ ನ್ಯಾನೊ ಕೊಳವೆ: ಲೆಕ್ಕ ಎಲ್ಲಿ ನಿಲ್ಲುತ್ತದೆ?

ಪ್ರಶ್ನೆ: ಕಾರ್ಖಾನೆಗಳ ಚಿಮಣಿಯಲ್ಲಿ ಹಿಡಿದಿಟ್ಟ ಇಂಗಾಲದ ಡೈಆಕ್ಸೈಡನ್ನು ನೆಲದಡಿ ಹೂಳುವ ಬದಲು, ಅದರಿಂದ ಬೆಲೆಬಾಳುವ ನ್ಯಾನೊ ಕೊಳವೆಗಳನ್ನು (ಇಂಗಾಲದ ಅತಿಸೂಕ್ಷ್ಮ ಟೊಳ್ಳು ಎಳೆಗಳನ್ನು) ತಯಾರಿಸಬಹುದೆಂದು ಓದಿದೆ. ಇದು ನಿಜವೇ? ನಿಜವಾದರೆ ಹವಾಮಾನ ಸಮಸ್ಯೆಗೆ ಇದೇ ಪರಿಹಾರವಲ್ಲವೇ?

ಉತ್ತರ: ತಯಾರಿಸಬಹುದು ಎಂಬುದು ನಿಜ, ಅದೇ ಪರಿಹಾರ ಎಂಬುದು ಮಾತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ.

ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಟುವರ್ಟ್ ಲಿಕ್ಟ್ ಅವರ ತಂಡ 2015ರಲ್ಲಿ ಪ್ರಕಟಿಸಿದ ವಿಧಾನ ಇಂಥವುಗಳಲ್ಲಿ ಹೆಚ್ಚು ಹೆಸರಾದದ್ದು. ಲಿಥಿಯಂ ಕಾರ್ಬೊನೇಟ್ ಎಂಬ ಲವಣ ಸುಮಾರು 723 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕಿಂತ ತುಸು ಹೆಚ್ಚಿನ ಶಾಖದಲ್ಲಿಟ್ಟ ಆ ದ್ರವದಲ್ಲಿ ಎರಡು ಲೋಹದ ತುಂಡುಗಳನ್ನು ಮುಳುಗಿಸಿ ವಿದ್ಯುತ್ ಹರಿಸಿದರೆ, ಋಣಾಗ್ರದ ಉಕ್ಕಿನ ಮೇಲೆ ಇಂಗಾಲ ಕೂರುತ್ತದೆ, ಧನಾಗ್ರದಲ್ಲಿ ಆಮ್ಲಜನಕ ಹೊರಬೀಳುತ್ತದೆ, ದ್ರವದಲ್ಲಿ ಲಿಥಿಯಂ ಆಕ್ಸೈಡ್ ಉಳಿಯುತ್ತದೆ. ಹೊರಗಿನಿಂದ ಊದಿದ ಇಂಗಾಲದ ಡೈಆಕ್ಸೈಡನ್ನು ಈ ಆಕ್ಸೈಡ್ ಹೀರಿಕೊಂಡು ಮತ್ತೆ ಕಾರ್ಬೊನೇಟ್ ಆಗುವುದರಿಂದ, ಲವಣ ತಾನು ಸವೆಯದೆ ಕೆಲಸ ಮಾಡುತ್ತಲೇ ಇರುತ್ತದೆ. ಖರ್ಚಾಗುವುದು ಅನಿಲ ಮತ್ತು ವಿದ್ಯುತ್ತು.

ಜಾಣ್ಮೆಯಿರುವುದು ಋಣಾಗ್ರದಲ್ಲಿ. ಅಲ್ಲಿ ನಿಕ್ಕಲ್‌ನಂಥ ಲೋಹದ ಅತಿಸೂಕ್ಷ್ಮ ಕಣಗಳು ಬೀಜದಂತೆ ಕುಳಿತರೆ ಇಂಗಾಲ ಅವುಗಳಿಂದ ಎಳೆಯಾಗಿ ಬೆಳೆಯುತ್ತದೆ. ಬೀಜವಿಲ್ಲದಿದ್ದರೆ ಸಿಗುವುದು ಬಹುಮಟ್ಟಿಗೆ ಆಕಾರಗೆಟ್ಟ ಮಸಿ. ಹೊರತೆಗೆದ ಉಕ್ಕಿನ ಮೇಲೆ ಬರಿಗಣ್ಣಿಗೆ ಕಾಣುವುದು ಲವಣ ಮೆತ್ತಿದ ಕಪ್ಪು ಹೊಪ್ಪಳೆಯಷ್ಟೆ. ಅದನ್ನು ಆಮ್ಲದಲ್ಲಿ ತೊಳೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟಾಗ, ತಲೆಗೂದಲಿನ ಸಾವಿರದ ಒಂದು ಪಾಲಿನಷ್ಟು ದಪ್ಪದ ಎಳೆಗಳು ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿರುವುದು ಕಾಣುತ್ತದೆ. ಬ್ಯಾಟರಿಯ ವಿದ್ಯುದಗ್ರಗಳಿಗೂ ಬಲವರ್ಧಿತ ಪ್ಲಾಸ್ಟಿಕ್‌ಗೂ ಬೇಕಾಗಿರುವುದು ಇಂಥವೇ.

ಇನ್ನು ಶಕ್ತಿಯ ಲೆಕ್ಕ. ಒಂದು ಕಿಲೋ ಇಂಗಾಲಕ್ಕೆ ಸುಮಾರು 3.7 ಕಿಲೋ ಇಂಗಾಲದ ಡೈಆಕ್ಸೈಡ್ ಬೇಕು. ಇಂಗಾಲ ಉರಿದಾಗ ಬಿಟ್ಟುಕೊಟ್ಟ ಶಕ್ತಿಯನ್ನೆಲ್ಲ ಹಿಂದಿರುಗಿಸದೆ ಈ ಅನಿಲ ಇಂಗಾಲವಾಗದು. ಅದು ಕಿಲೋಗೆ ಕನಿಷ್ಠ 9 ಯೂನಿಟ್‌ನಷ್ಟಾಗುತ್ತದೆ, ನಿಜವಾದ ಉಪಕರಣದಲ್ಲಿ ಅದಕ್ಕಿಂತ ಹೆಚ್ಚು. ಉಷ್ಣದ ಮೂರನೇ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿಸುವ ಕಲ್ಲಿದ್ದಲು ಸ್ಥಾವರದಿಂದ ಆ 9 ಯೂನಿಟ್ ತರಿಸಿದರೆ, ಒಂದು ಕಿಲೋ ಇಂಗಾಲ ಪಡೆಯಲು ಅಲ್ಲಿ ಸುಮಾರು ಮೂರು ಕಿಲೋ ಇಂಗಾಲ ಸುಡಬೇಕು, ಅಂದರೆ 3.7 ಕಿಲೋ ಹಿಡಿಯಲು 11 ಕಿಲೋ ಬಿಟ್ಟಂತೆ. ಸುದ್ದಿಗಳಲ್ಲಿ ಸಾಮಾನ್ಯವಾಗಿ ಕಾಣೆಯಾಗುವುದು ಈ ಸಾಲೇ. ಸೌರ, ಪವನ ಅಥವಾ ಜಲವಿದ್ಯುತ್ ಇದ್ದಲ್ಲಿ ಮಾತ್ರ ಈ ವಿಧಾನಕ್ಕೆ ಅರ್ಥವಿದೆ.

ಪ್ರಮಾಣದ ತೊಡಕೂ ಇದೆ. ಜಗತ್ತು ವರ್ಷಕ್ಕೆ ಹೊರಬಿಡುವ ಇಂಗಾಲದ ಡೈಆಕ್ಸೈಡ್ 3,500 ಕೋಟಿ ಟನ್‌ಗಿಂತ ಹೆಚ್ಚು. ನ್ಯಾನೊ ಕೊಳವೆಗಳ ಮಾರುಕಟ್ಟೆ ಅದರೆದುರು ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಕಾಂಕ್ರೀಟಿನಂಥ ಭಾರೀ ಬಳಕೆಯ ವಸ್ತುವಿಗೆ ಈ ಎಳೆಗಳನ್ನು ಬೆರೆಸುವ ಯೋಚನೆ ಹುಟ್ಟಿರುವುದು ಇದರಿಂದಲೇ: ಅಲ್ಲಿ ಇಂಗಾಲ ದಶಕಗಟ್ಟಲೆ ಬಂದಿಯಾಗಿರುತ್ತದೆ.

2024ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕೆಲಸವನ್ನು ಎರಡು ಹಂತಗಳಾಗಿ ಒಡೆದು, ಮೊದಲು ಅನಿಲವನ್ನು ಕಾರ್ಬನ್ ಮಾನಾಕ್ಸೈಡ್ ಆಗಿಸಿ, ಬಳಿಕ ಕಬ್ಬಿಣ–ಕೋಬಾಲ್ಟ್ ವೇಗವರ್ಧಕದ ನೆರವಿನಿಂದ ಸುಮಾರು 400 ಡಿಗ್ರಿಯಲ್ಲೇ ನ್ಯಾನೊ ಎಳೆ ಬೆಳೆಸಿದರು. ಕುಲುಮೆಯ ಶಾಖ ಇಳಿಯಿತು. ಆದರೆ ದಾರಿ ಯಾವುದಾದರೂ ಆ 9 ಯೂನಿಟ್‌ನ ಸಾಲ ಹಾಗೆಯೇ ಇರುತ್ತದೆ.