ಕತ್ತಿಗೆ ಕಣ್ಣು ಬರೆದರೆ ಜೀವ ಬರುತ್ತಾ?

ಗೇಮ್ ಮಾಡಲು ಹೊರಟವರ ಪ್ರಶ್ನೆಗಳಿಗೆ ಉತ್ತರ ಕೊಡುವ ಅಂಕಣ ಇದು. ಈ ಸಲ ಜೀವ ಇರುವ ಆಯುಧದ ಬಗ್ಗೆಯೇ ಜಾಸ್ತಿ ಪತ್ರ ಬಂದಿವೆ. ಹಾಗಾಗಿ ಬೇರೆಯದನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮಸ್ಕಾರ ಸರ್. ನಾವು ಮೂವರು ಗೆಳೆಯರು ಸೇರಿ ಒಂದು ಆ್ಯಕ್ಷನ್ ಗೇಮ್ ಮಾಡುತ್ತಿದ್ದೇವೆ. ನಾಯಕಿಯ ಕತ್ತಿಗೆ ಜೀವ ಇದೆ. ಹಿಡಿಯಲ್ಲಿ ಕಣ್ಣು, ಅಲಗಿನ ಮೇಲೆ ನರಗಳು, ಬುಡದಲ್ಲಿ ಹಲ್ಲು, ಸುತ್ತ ಕೆಂಪು ಬೆಳಕು, ಎಲ್ಲ ಹಾಕಿದ್ದೇವೆ. ಚಿತ್ರದಲ್ಲಿ ಸೂಪರ್ ಆಗಿದೆ. ಆಡುವಾಗ ಮಾತ್ರ ಸುಮ್ನೆ ಒಂದು ಕತ್ತಿ ಅನ್ನಿಸುತ್ತದೆ. ಎಲ್ಲಿ ತಪ್ಪಿದ್ದೇವೆ?
– ಮೂವರಲ್ಲಿ ಒಬ್ಬ

ಉತ್ತರ: ಪತ್ರವನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ಕಣ್ಣು, ನರ, ಹಲ್ಲು, ಬೆಳಕು. ಕತ್ತಿಯ ಮೈಯಲ್ಲಿ ಏನೇನಿದೆ ಎಂದು ಪೂರ್ತಿ ಹೇಳಿದ್ದೀರಿ, ಅದಕ್ಕೆ ಏನು ಬೇಕು ಅನ್ನುವುದನ್ನೇ ಬಿಟ್ಟಿದ್ದೀರಿ. ಅದಕ್ಕೆ ಹಸಿವಾ, ಹೆದರಿಕೆಯಾ, ಹಳೇ ಒಡೆಯನ ಮೇಲೆ ಸಿಟ್ಟಾ? ನಾಯಕಿಗೆ ಬೇಕಾದದ್ದೇ ಕತ್ತಿಗೂ ಬೇಕು ಅಂತಾದರೆ, ಹತ್ತು ಕಣ್ಣು ಬರೆದರೂ ಅದು ಕಬ್ಬಿಣವೇ. ಇಬ್ಬರ ಆಸೆ ಎಲ್ಲೋ ಒಂದು ಕಡೆ ಕವಲೊಡೆಯಬೇಕು. ಆ ಕವಲು ಆಟಗಾರನ ಬೆರಳಿಗೆ ತಾಗಬೇಕು.

ಸ್ಕೈರಿಮ್ ಆಡಿದ್ದೀರಾ? 2011ರ ಆ ಗೇಮ್‌ನಲ್ಲಿ ಎಬನಿ ಬ್ಲೇಡ್ ಅಂತ ಒಂದು ಕತ್ತಿ ಇದೆ. ಅದಕ್ಕೆ ಕಣ್ಣಿಲ್ಲ, ಬಾಯಿಲ್ಲ. ಆದರೆ ನಿಮ್ಮ ಜೊತೆ ಸ್ನೇಹದಿಂದ ಇರುವವರನ್ನು ಅದೇ ಕತ್ತಿಯಿಂದ ಕೊಂದರೆ ಮಾತ್ರ ಅದರ ಬಲ ಏರುತ್ತದೆ. ಇದು ಗೊತ್ತಾದ ಮೇಲೆ, ಪಕ್ಕದಲ್ಲಿ ನಡೆದು ಬರುತ್ತಿರುವ ಜೊತೆಗಾರರನ್ನು ನೋಡುವ ನೋಟವೇ ಬದಲಾಗುತ್ತದೆ. ಲೆಕ್ಕ ಹಾಕಲು ಶುರು ಮಾಡಿದವರು ನೀವೇ, ಪಾಪ ಆ ಕತ್ತಿ ಸುಮ್ನೆ ಬೆನ್ನ ಮೇಲೆ ತೂಗುತ್ತಿರುತ್ತದೆ.

ಇನ್ನೊಂದು, ಲೀಗ್ ಆಫ್ ಲೆಜೆಂಡ್ಸ್ ಎಂಬ ಗೇಮ್‌ಗೆ 2017ರಲ್ಲಿ ಸೇರಿದ ಕೇಯ್ನ್ ಎಂಬ ಪಾತ್ರ. ಅವನ ಕೈಯಲ್ಲಿರುವ ಉದ್ದ ಹಿಡಿಯ ಕುಡುಗೋಲಿಗೆ ರಾಸ್ಟ್ ಎಂದು ಹೆಸರು, ಅದಕ್ಕೆ ಬೇಕಾಗಿರುವುದು ಕೇಯ್ನ್‌ನ ಮೈ. ಹತ್ತಿರ ಬಂದು ಹೊಡೆದಾಡುವ ಎದುರಾಳಿಗಳನ್ನು ಜಾಸ್ತಿ ಹೊಡೆದರೆ ಕುಡುಗೋಲು ಗೆಲ್ಲುವ ದಾರಿ ತೆರೆಯುತ್ತದೆ, ದೂರದಿಂದ ಹೊಡೆಯುವವರನ್ನು ಹೊಡೆದರೆ ಕೇಯ್ನ್ ಗೆಲ್ಲುವ ದಾರಿ. ಯಾರು ಗೆದ್ದರು ಅನ್ನುವುದರ ಮೇಲೆ ಮುಂದಿನ ಆಟದ ರೀತಿಯೇ ಬೇರೆ. ಕತೆಯಲ್ಲಿರುವ ಜಗಳವನ್ನೇ ನಿಯಮ ಮಾಡಿ ಕೈಗೆ ಕೊಟ್ಟಿದ್ದಾರೆ, ಅಲ್ವಾ?

ರಕ್ತ ಬೇಡುವ ಕತ್ತಿ ಎಲ್ಲರೂ ಮಾಡುತ್ತಾರೆ. ನನಗೆ ಬಹಳ ದಿನದಿಂದ ಒಂದು ಪುಕ್ಕಲು ಕತ್ತಿ ಮಾಡುವ ಆಸೆ. ದೊಡ್ಡ ಶತ್ರು ಎದುರಿಗೆ ಬಂದರೆ ಅದು ಒರೆಯಿಂದ ಅರ್ಧ ಬಂದು ನಿಲ್ಲುತ್ತದೆ. ನಾಯಕಿ ಹೆಬ್ಬೆರಳಿನಿಂದ ಹಿಡಿಯನ್ನು ಒಮ್ಮೆ ಸವರುತ್ತಾಳೆ. ಆಮೇಲೆ ಪೂರ್ತಿ ಬರುತ್ತದೆ, ಆದರೆ ಅಲಗು ಗೇಣುದ್ದ ಒಳಗೆಳೆದುಕೊಂಡೇ ಇರುತ್ತದೆ, ಹಾಗಾಗಿ ಏಟು ದೂರ ತಲುಪುವುದಿಲ್ಲ. ಕಂಟ್ರೋಲರ್ ಕೈಯಲ್ಲಿ ಸಣ್ಣಗೆ ನಡುಗುತ್ತಿರುತ್ತದೆ. ಅದೇ ಶತ್ರುವಿನ ಬೆನ್ನ ಹಿಂದೆ ಹೋಗಿ ನಿಂತರೆ ನಡುಕ ನಿಂತು ಅಲಗು ಪೂರ್ತಿ ಉದ್ದಕ್ಕೆ ಚಾಚುತ್ತದೆ. ಹತ್ತು ನಿಮಿಷ ಆಡಿದವನಿಗೆ ಯಾರೂ ಹೇಳದೆಯೇ ಅರ್ಥವಾಗುತ್ತದೆ, ಈ ಕತ್ತಿಗೆ ಧೈರ್ಯ ಇಲ್ಲ, ಶತ್ರುವನ್ನು ಸುತ್ತಿ ಹಿಂದಿನಿಂದ ಹೋಗಬೇಕು ಅಂತ. ಇಲ್ಲಿ ಒಂದು ಡೈಲಾಗೂ ಇಲ್ಲ, ನೋಡಿ. ನಿಮ್ಮ ಕತ್ತಿಯನ್ನೂ ಹೀಗೆ ನೋಡಿ: ಒರೆಯಿಂದ ಎಳೆಯುವಾಗ, ಬೀಸುವಾಗ, ಮತ್ತೆ ಒರೆಗೆ ಹಾಕುವಾಗ ಅದರ ಆಸೆಯಿಂದ ಏನು ಬದಲಾಗುತ್ತದೆ? ಏನೂ ಇಲ್ಲ ಅಂತಾದರೆ ನರ, ಹಲ್ಲು ಬರೆದವರ ಶ್ರಮ ದಂಡ.

ಪ್ರಶ್ನೆ: ಕಣ್ಣು ಇಡುವುದಾದರೆ ಎಲ್ಲಿ ಇಡಬೇಕು? ಎಷ್ಟು ದೊಡ್ಡದಾಗಿರಬೇಕು?
– ಚಿತ್ರ ಬರೆಯುವ ಹುಡುಗಿ

ಉತ್ತರ: ಮೊದಲು ಕ್ಯಾಮೆರಾ ಎಲ್ಲಿದೆ ಹೇಳಿ. ನಾಯಕಿಯ ಬೆನ್ನ ಹಿಂದೆ ಕ್ಯಾಮೆರಾ ಇದ್ದರೆ ಕತ್ತಿ ಸ್ಕ್ರೀನ್ ಮೇಲೆ ಬೆರಳಷ್ಟು ಕಾಣುತ್ತದೆ. ಹಿಡಿಯಲ್ಲಿ ಬರೆದ ಕಣ್ಣು ಆಗ ಬರೀ ಒಂದು ಚುಕ್ಕೆ, ಅದೂ ಅವಳ ಮುಷ್ಟಿಯ ಹಿಂದೆ. ನೀವು ಮೂರು ದಿನ ಕೂತು ಬರೆದ ರೆಪ್ಪೆ ಯಾರಿಗೂ ಕಾಣುವುದಿಲ್ಲ. ಅಂಥ ಕಡೆ ಹೊರಗೆರೆ ಮತ್ತು ಚಲನೆಯೇ ಮಾತಾಡಬೇಕು, ಅಂದರೆ ಅಲಗು ಬಾಗುವುದು, ಮುದುರುವುದು, ಬಾಗಿಲ ಕಡೆ ತಾನಾಗಿ ವಾಲುವುದು. ಕಣ್ಣು ಬೇಕೇ ಬೇಕು ಅಂದರೆ ಸೋಲ್‌ಕ್ಯಾಲಿಬರ್ ಗೇಮ್ ಸರಣಿಯ ಸೋಲ್ ಎಡ್ಜ್ ಎಂಬ ಕತ್ತಿ ನೋಡಿ. ನೈಟ್‌ಮೇರ್ ಎಂಬ ಪಾತ್ರದ ಕೈಯಲ್ಲಿ ಅದು ಭಾರಿ ಗಾತ್ರದ ಕತ್ತಿ, ಕಣ್ಣೂ ಅಷ್ಟೇ ದೊಡ್ಡದು. ಜೊತೆಗೆ ಅಲ್ಲಿ ಕ್ಯಾಮೆರಾ ಪಕ್ಕದಿಂದ ನೋಡುತ್ತದೆ. ಅದಕ್ಕೇ ಕಣ್ಣು ಕಾಣುತ್ತದೆ.

ಪಾತ್ರದ ಕಣ್ಣಿನಿಂದಲೇ ನೋಡುವ ಗೇಮ್ ಆದರೆ ನಿಮಗೆ ಹಬ್ಬ. ಆಯುಧ ಸ್ಕ್ರೀನ್‌ನ ದೊಡ್ಡ ಭಾಗ ತುಂಬಿಕೊಂಡಿರುತ್ತದೆ. ಆಗ ಇಷ್ಟು ಮಾಡಿ: ಕಣ್ಣುಗುಡ್ಡೆ ಮೆಲ್ಲಗೆ ಜಾರುವುದು ಬೇಡ, ನಿಜವಾದ ಕಣ್ಣು ಒಂದು ಜಾಗದಿಂದ ಇನ್ನೊಂದಕ್ಕೆ ಥಟ್ಟನೆ ನೆಗೆಯುತ್ತದೆ. ರೆಪ್ಪೆ ಗಡಿಯಾರದ ಹಾಗೆ ಬಡಿಯದೆ ಹೆಚ್ಚುಕಮ್ಮಿ ಆಗಲಿ. ಶತ್ರುವನ್ನು ಕತ್ತಿ ಆಟಗಾರನಿಗಿಂತ ಅರ್ಧ ಸೆಕೆಂಡ್ ಮೊದಲು ನೋಡಲಿ, ಆಟಗಾರ ತಾನಾಗಿ ಆ ಕಣ್ಣನ್ನು ಗಮನಿಸಲು ಕಲಿಯುತ್ತಾನೆ. ಉಸಿರಾಟ ಇಟ್ಟರೆ ನಾಯಕಿಯ ಉಸಿರಿಗೂ ಕತ್ತಿಯ ಉಸಿರಿಗೂ ತಾಳ ಬೇರೆ ಇರಲಿ. ಒಂದೇ ತಾಳ ಆದರೆ ಕತ್ತಿ ಅವಳ ಕೈಯ ಮುಂದುವರಿಕೆ ಅನ್ನಿಸಿಬಿಡುತ್ತದೆ.

ಅಂದಹಾಗೆ, ಮಹಾಭಾರತದ ಶಾಂತಿಪರ್ವದಲ್ಲಿ ಕತ್ತಿ ಹೇಗೆ ಹುಟ್ಟಿತು ಎಂದು ನಕುಲ ಭೀಷ್ಮರನ್ನು ಕೇಳುತ್ತಾನೆ. ಬ್ರಹ್ಮನ ಯಜ್ಞದ ಬೆಂಕಿಯಿಂದ ಒಂದು ಜೀವಿ ಎದ್ದು ಬಂತಂತೆ, ಕನ್ನೈದಿಲೆಯ ಬಣ್ಣ, ಚೂಪು ಹಲ್ಲು, ಒಳಹೊಕ್ಕ ಹೊಟ್ಟೆ, ಎತ್ತರದ ಮೈ. ಆಮೇಲೆ ಆ ರೂಪ ಬಿಟ್ಟು ಅದು ಕತ್ತಿಯಾಯಿತು. ನೀವೂ ಇದೇ ಕ್ರಮ ಹಿಡಿದು ನೋಡಿ. ಮೊದಲು ಪೂರ್ತಿ ಒಂದು ಪ್ರಾಣಿ ಬರೆಯಿರಿ, ಅದು ಹೇಗೆ ಕೂರುತ್ತದೆ, ಹೇಗೆ ಮಲಗುತ್ತದೆ ಎಂದು ಸ್ಕೆಚ್ ಮಾಡಿ, ಆಮೇಲೆ ಅದನ್ನು ಮಡಚಿ ಕತ್ತಿ ಮಾಡಿ. ಕತ್ತಿ ಬರೆದು ಮೇಲೆ ಕಣ್ಣು ಅಂಟಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮೊದಲ ಸ್ಕೆಚ್‌ನಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ನನ್ನ ಕೊಡಲಿ ಮಾತಾಡುತ್ತೆ. ಆಡಿ ನೋಡಿದ ಗೆಳೆಯರೆಲ್ಲ ಮೊದಲು ನಗುತ್ತಾರೆ, ಆಮೇಲೆ ಸೌಂಡ್ ಆಫ್ ಮಾಡುತ್ತಾರೆ. ಏನು ಮಾಡಲಿ?
– ಬೇಸತ್ತವ

ಉತ್ತರ: ಒಂದು ಸಾಲು ಎಷ್ಟು ಸಲ ಬರುತ್ತಿದೆ ಎಣಿಸಿದ್ದೀರಾ? ನಾನೂ ಹಿಂದೆ ಒಂದು ಗೇಮ್‌ನಲ್ಲಿ ಪ್ರತಿ ಶತ್ರು ಬಿದ್ದಾಗ ಕತ್ತಿ "ಇನ್ನೊಂದು ಕೊಡು!" ಅನ್ನುವ ಹಾಗೆ ಮಾಡಿದ್ದೆ. ಒಬ್ಬ ಸತ್ತಾಗ ಮೈ ಜುಮ್ ಅನ್ನುತ್ತಿತ್ತು. ಗುಂಪಿನಲ್ಲಿ ಆರು ಜನ ಒಟ್ಟಿಗೆ ಬಿದ್ದಾಗ ಅದು ಸಂತೆಯಲ್ಲಿ ಕೂಗಿದ ಹಾಗೆ ಕೇಳುತ್ತಿತ್ತು. ಕೊನೆಗೆ ನನ್ನ ಗೇಮ್‌ನ ಸೌಂಡ್ ನಾನೇ ಕಮ್ಮಿ ಮಾಡಿಕೊಂಡು ಕೆಲಸ ಮಾಡುತ್ತಿದ್ದೆ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2011ರ ಜೆಲ್ಡಾ ಗೇಮ್ ಸ್ಕೈವರ್ಡ್ ಸ್ವೋರ್ಡ್‌ನಲ್ಲಿ ಕತ್ತಿಯೊಳಗೆ ಫೈ ಎಂಬ ಚೇತನ ಇದೆ. ಗೊತ್ತಿರುವುದನ್ನೇ ಮತ್ತೆ ಹೇಳುವುದು ಅದರ ಚಾಳಿ, ರಿಮೋಟ್‌ನ ಬ್ಯಾಟರಿ ಕಮ್ಮಿಯಾಗಿದೆ ಎಂದು ಕೂಡ ಅದೇ ಬಂದು ಹೇಳುತ್ತಿತ್ತು. 2021ರ ಹೊಸ ಆವೃತ್ತಿಯಲ್ಲಿ ಅದರ ಎಷ್ಟೋ ಮಾತುಗಳನ್ನು ಬೇಕಾದವರು ಮಾತ್ರ ಕೇಳುವ ಹಾಗೆ ಮಾಡಿದರು. 2022ರ ಹೈ ಆನ್ ಲೈಫ್‌ನಲ್ಲಿ ಬಂದೂಕುಗಳೇ ಹರಟೆ ಹೊಡೆಯುತ್ತವೆ, ಅಲ್ಲಿ ಹರಟೆ ಕಮ್ಮಿ ಮಾಡುವ ಸೆಟ್ಟಿಂಗ್ ಕೊಟ್ಟಿದ್ದಾರೆ. ಬಾರ್ಡರ್‌ಲ್ಯಾಂಡ್ಸ್ 2ರ ಬೇನ್ ಎಂಬ ಬಂದೂಕಂತೂ ಬೇಕೆಂದೇ ಕಿರಿಕಿರಿ ಮಾಡುತ್ತದೆ, ಅದು ತಮಾಷೆಗೇ ಮಾಡಿದ್ದು.

ನೀವು ಮಾಡಬೇಕಾದದ್ದು: ಒಂದು ಸಾಲು ಬಂದ ಮೇಲೆ ಅದೇ ಸಾಲು ಮತ್ತೆ ಬರುವುದಕ್ಕೆ ತಡೆ ಹಾಕಿ, ಜಗಳದ ನಡುವೆ ಒಂದೆರಡು ಪದಕ್ಕಿಂತ ಜಾಸ್ತಿ ಬೇಡ, ಉದ್ದದ ಮಾತೆಲ್ಲ ನಡೆಯುವಾಗ ಇರಲಿ. ಸಂದರ್ಭ ನೋಡಿ ಮಾತಾಡಿಸಿ. ಅದಕ್ಕಿಂತ ಮುಖ್ಯ, ಕೊಡಲಿ ಯಾಕೆ ಮಾತಾಡುತ್ತದೆ? 2014ರ ಟ್ರಾನ್ಸಿಸ್ಟರ್ ಎಂಬ ಗೇಮ್‌ನಲ್ಲಿ ನಾಯಕಿ ರೆಡ್ ಹಾಡುಗಾರ್ತಿ, ಅವಳ ದನಿಯನ್ನೇ ಕಸಿದಿದ್ದಾರೆ. ಅವಳ ಕೈಯಲ್ಲಿರುವ ದೊಡ್ಡ ಕತ್ತಿಯೊಳಗೆ ಅವಳಿಗೆ ಬೇಕಾದ ಒಬ್ಬನ ಚೇತನ ಸಿಕ್ಕಿಕೊಂಡಿದೆ. ಅವಳು ಮಾತಾಡಲಾರಳು, ಅವನು ಸುಮ್ಮನಿರಲಾರ. ಅಲ್ಲಿ ಕತ್ತಿ ಬಾಯಿ ಮುಚ್ಚಿದರೆ ನಮಗೇ ದಿಗಿಲಾಗುತ್ತದೆ.

ಪ್ರಶ್ನೆ: ಕತ್ತಿ ಆಟಗಾರನ ಮಾತು ಕೇಳದೆ ಹಟ ಮಾಡಬಹುದಾ?
– ಅನಾಮಿಕ

ಉತ್ತರ: ಮಾಡಬಹುದು, ಆದರೆ ಬಟನ್ ಮುಟ್ಟುವ ಮುನ್ನ ಹತ್ತು ಸಲ ಯೋಚಿಸಿ. 1974ರಲ್ಲಿ ಬಂದ ಮೊದಲ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಲ್ಲೇ ಬುದ್ಧಿ, ಅಹಂ ಇರುವ ಕತ್ತಿಗಳಿದ್ದವು, ಹಿಡಿದವನನ್ನೇ ಅವು ಆಳಬಹುದಿತ್ತು. ಅದು ಮೇಜಿನ ಸುತ್ತ ಕೂತು ಆಡುವ ಆಟ. ಕತ್ತಿ ಈಗ ಯಾಕೆ ಮುನಿಸಿಕೊಂಡಿದೆ ಎಂದು ಆಟ ನಡೆಸುವವನು ಬಾಯಲ್ಲಿ ಹೇಳುತ್ತಾನೆ. ವಿಡಿಯೋ ಗೇಮ್‌ನಲ್ಲಿ ಬಟನ್ ಒತ್ತಿ ಏನೂ ಆಗದಿದ್ದರೆ "ಕತ್ತಿಗೆ ಸಿಟ್ಟು ಬಂದಿದೆ" ಎಂದು ಯಾರೂ ಅಂದುಕೊಳ್ಳುವುದಿಲ್ಲ. "ಹ್ಯಾಂಗ್ ಆಯ್ತು" ಅಂತಾರೆ. ಶರಣಾದ ಶತ್ರುವಿನ ಮೇಲೆ ಏಳದ ಕತ್ತಿಯನ್ನು ನಾನೂ ಒಮ್ಮೆ ಮಾಡಿದ್ದೆ. ಆಡಿ ನೋಡಿದವರಲ್ಲಿ ಒಬ್ಬರು ಕಂಟ್ರೋಲರ್‌ನ ಬ್ಯಾಟರಿ ತೆಗೆದು ಮತ್ತೆ ಹಾಕಿದರು, ಇನ್ನೊಬ್ಬರು ಬಟನ್ ಕೆಟ್ಟಿದೆ ಎಂದು ಬರೆದು ಕೊಟ್ಟರು. ಆಮೇಲೆ ತಿದ್ದಿದೆವು: ಕೈ ಏಳುತ್ತದೆ, ಕತ್ತಿ ಎದುರು ದಿಕ್ಕಿಗೆ ಎಳೆಯುತ್ತದೆ, ತೋಳು ನಡುಗುತ್ತದೆ, ಬಟನ್ ಒತ್ತಿ ಹಿಡಿದರೆ ಏಟು ಬೀಳುತ್ತದೆ, ಆದರೆ ಆಮೇಲೆ ಸ್ವಲ್ಪ ಹೊತ್ತು ಅಲಗು ಮೊಂಡು. ಕತ್ತಿಯ ಹಟವೂ ಕಂಡಿತು, ಆಟಗಾರನ ಕೈಯೂ ಕಟ್ಟಲಿಲ್ಲ. ಬಾಸ್, ಅಂದರೆ ಗೇಮ್‌ನ ಮುಖ್ಯ ಶತ್ರು, ಎದುರಿಗಿದ್ದಾಗ ಮಾತ್ರ ಈ ಆಟ ಬೇಡವೇ ಬೇಡ, ಅಲ್ಲಿ ಸೋತವನ ಸಿಟ್ಟು ಕತ್ತಿಯ ಮೇಲೆ ಹೋಗದೆ ನಿಮ್ಮ ಮೇಲೆ ಬರುತ್ತದೆ.

ಪ್ರಶ್ನೆ: ಇಷ್ಟಕ್ಕೆಲ್ಲ ಎಐ ಹಾಕಬೇಕಾ?
– ಕೋಡ್ ಬರೆಯುವವ

ಉತ್ತರ: ಬೇಡ. ಎರಡು ಸಂಖ್ಯೆ ಸಾಕು, ಹಸಿವು ಒಂದು, ನಂಬಿಕೆ ಒಂದು. ಹೊಡೆತ, ವಿಶ್ರಾಂತಿ, ಬಿಟ್ಟು ಹೋಗಿದ್ದು, ಒರೆಸಿ ಇಟ್ಟಿದ್ದು, ಇವುಗಳಿಂದ ಅವು ಏರಿಳಿಯಲಿ. ಮೀಟರ್ ಹಾಕಿ ತೋರಿಸಬೇಡಿ, ಕತ್ತಿಯ ಮೈಯಲ್ಲೇ ಕಾಣಲಿ.

ಪ್ರಶ್ನೆ: ಹೆಸರು ಏನಿಡಲಿ?
– ಅವಸರದವಳು

ಉತ್ತರ: ಹೆಸರನ್ನು ನಾಯಕಿ ಇಟ್ಟಳಾ, ಹಳೇ ಒಡೆಯ ಇಟ್ಟಿದ್ದನಾ, ಕತ್ತಿಯೇ ಹೇಳಿಕೊಂಡಿತಾ, ಅದು ಮೊದಲು ತೀರ್ಮಾನ ಆಗಲಿ. ಹೆಸರು ಆಮೇಲೆ ತಾನಾಗಿ ಹೊಳೆಯುತ್ತದೆ. ನನ್ನ ಪುಕ್ಕಲು ಕತ್ತಿಗೆ ಇನ್ನೂ ಹೊಳೆದಿಲ್ಲ. ನಿಮಗೇನಾದರೂ ತೋಚಿದರೆ ಬರೆದು ಕಳಿಸಿ.