ಕಾಯಕವೇ ಕೈಲಾಸವೆಂದರೆ ಸದಾ ದುಡಿಯುತ್ತಲೇ ಇರಬೇಕೆ?

‘ಬಿಡುವಾಗಿ ಕುಳಿತರೆ ತಪ್ಪು ಮಾಡಿದಂತೆನಿಸುತ್ತದೆ, ಶರಣರು ಹೇಳಿದ ಕಾಯಕವೂ ಇದೇ ಅಲ್ಲವೇ?’ ಎಂದು ಕೇಳಿದ್ದೀರಿ. ಅಲ್ಲವೆಂಬುದು ನನ್ನ ತಿಳಿವಳಿಕೆ. ‘ಕಾಯಕವೇ ಕೈಲಾಸ’ ಎಂಬ ಮಾತು ಬರುವುದು 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆತ ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಮೆಚ್ಚದೆ, ಇಷ್ಟೊಂದು ಆಸೆ ಶಿವಭಕ್ತರಿಗೆ ತಕ್ಕುದಲ್ಲವೆಂದು ಹೇಳಿ, ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಕಳುಹಿಸಿದಳು. ಕಾಯಕಕ್ಕೆ ‘ಇಷ್ಟು ಸಾಕು’ ಎಂಬ ಎಲ್ಲೆಯಿದೆ. ‘ನಾನಿಲ್ಲದಿದ್ದರೆ ಏನೂ ನಡೆಯದು’ ಎಂಬ ಅಹಂಕಾರದಿಂದ ಹುಟ್ಟುವ ಗಡಿಬಿಡಿಗೆ ಅಂಥ ಎಲ್ಲೆಯೇ ಇಲ್ಲ. (ದಾವಣಗೆರೆಯ ಕುಂದುವಾಡ ಕೆರೆಯ ಬಳಿ ಮುಂಜಾನೆ ವಾಕಿಂಗ್ ಮಾಡುತ್ತಲೇ ಫೋನಿನಲ್ಲಿ ಅಂಗಡಿಯ ವ್ಯವಹಾರ ಮುಗಿಸುವವರನ್ನು ಕಂಡಿದ್ದೇನೆ, ನಾನೂ ಅವರಲ್ಲೊಬ್ಬನಾಗಿದ್ದೆ.)

ಹಾಗೆಂದು ದುಡಿಮೆಯನ್ನು ಬಿಡಬೇಕಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನಿಲ್ಲಿಸುವ ಹೊತ್ತಿನಲ್ಲಿ ಕೈಗೆ ಬೇರೆ ಕೆಲಸವಿರುವುದಿಲ್ಲ. ಆಗ ಎದ್ದುಬಿಡಬೇಕೆಂಬ ಚಡಪಡಿಕೆ ಹುಟ್ಟಿದರೆ ಏಳದೆ, ಕರೆಯುತ್ತಿರುವ ಕೆಲಸ ಯಾವುದು, ಅದು ಈಗಲೇ ಆಗಬೇಕೇ, ನಾನೇ ಮಾಡಬೇಕೇ ಎಂದು ನೋಡಿಕೊಳ್ಳಿ. ಲಿಂಗಧಾರಣೆಯ ರೂಢಿ ಇಲ್ಲದವರು ದೀಪದ ಮುಂದೆ ಕುಳಿತರೂ ಆದೀತು.