ಕೆನಡಾದಲ್ಲಿ ಗಾಂಜಾ ಲೀಗಲ್. ಹಾಗಾದರೆ ಮಗ ಸೇದಬಹುದಾ?

ಪ್ರಶ್ನೆ: ಗಾಂಜಾ ಎಣ್ಣೆಯಿಂದ ಕ್ಯಾನ್ಸರ್ ವಾಸಿಯಾಗುತ್ತದಂತೆ, ಹೌದಾ?

ಇಲ್ಲ. ಹಾಗೆ ಹೇಳಿ ಬಾಟಲಿ ಮಾರುವವನು ಮೋಸಗಾರ. ಅವನ ಮಾತು ಕೇಳಿ ಕೀಮೋ ನಿಲ್ಲಿಸಬೇಡಿ.

ಪ್ರಶ್ನೆ: ಇದು ಗಿಡ ತಾನೇ? ಚಟ ಹತ್ತಲ್ಲ ಅಲ್ವಾ?

ಹತ್ತುತ್ತದೆ. ತಂಬಾಕೂ ಗಿಡವೇ.

ಪ್ರಶ್ನೆ: ಮಗನಿಗೆ 20 ವರ್ಷ, ಟೊರಾಂಟೊದಲ್ಲಿ ಓದುತ್ತಿದ್ದಾನೆ. ವಾರಕ್ಕೊಮ್ಮೆ ಗಾಂಜಾ ಸೇದುತ್ತಾನಂತೆ. ‘ಇಲ್ಲಿ ಲೀಗಲ್ ಅಮ್ಮ, ಅಪಾಯ ಇದ್ದಿದ್ದರೆ ಸರ್ಕಾರ ಬಿಡುತ್ತಿತ್ತಾ?’ ಅಂತಾನೆ. ನನ್ನ ಮೈದುನನಿಗೆ ಚಿಕ್ಕ ವಯಸ್ಸಿನಲ್ಲೇ ಸ್ಕಿಜೋಫ್ರೇನಿಯಾ ಬಂದಿತ್ತು.

ನೀವು ಕೊನೆಗೆ ಬರೆದ ಸಾಲೇ ಮುಖ್ಯ, ತಾಯಿ. ಸ್ಕಿಜೋಫ್ರೇನಿಯಾ ಅಂದರೆ ಇಲ್ಲದ ಮಾತು ಕೇಳಿಸುವ, ಸುಮ್ಮಸುಮ್ಮನೆ ಅನುಮಾನ ಕಾಡುವ ಮಾನಸಿಕ ಕಾಯಿಲೆ. ಗಾಂಜಾ ಅದನ್ನು ಕೆರಳಿಸಬಹುದು. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಇದು ಇದ್ದರೆ ಗಾಂಜಾ ಮುಟ್ಟಲೇಬಾರದು. ವಾರಕ್ಕೊಮ್ಮೆಯೂ ಬೇಡ. ಮೆದುಳು ಸುಮಾರು 25ರ ತನಕ ಬೆಳೆಯುತ್ತಲೇ ಇರುತ್ತದೆ. ಅಮಲೇರಿಸುವ ಟಿಎಚ್‌ಸಿ ಈಗಿನ ಅಂಗಡಿ ಮಾಲಿನಲ್ಲಿ ಶೇ 20 ದಾಟುವುದು ಮಾಮೂಲು. 1970ರ ದಶಕದಲ್ಲಿ ಇದು ತುಂಬಾ ಕಡಿಮೆ ಇತ್ತು.

ಒಬ್ಬ ಹುಡುಗ ನನ್ನೆದುರು ಕೂತಿದ್ದ. ಮೊಬೈಲಿನ ಎರಡೂ ಕಡೆಯ ಕ್ಯಾಮೆರಾಗೆ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದ. ಹಾಸ್ಟೆಲಿನವರು ತನ್ನನ್ನು ನೋಡುತ್ತಿದ್ದಾರಂತೆ. ನೀರು ಕೊಟ್ಟರೆ ಅವನಮ್ಮ ಮೊದಲು ಕುಡಿದು ತೋರಿಸಬೇಕಿತ್ತು. ಅವನೂ ಶುರು ಮಾಡಿದ್ದು ವಾರಕ್ಕೊಮ್ಮೆಯೇ.

ಇನ್ನು ‘ಲೀಗಲ್’ ಅನ್ನುವ ವಾದ. ಇದನ್ನು ಕೇಳಿ ಕೇಳಿ ಸಾಕಾಗಿದೆ. ಕೆನಡಾ 2018ರ ಅಕ್ಟೋಬರ್ 17ರಿಂದ ಅನುಮತಿ ಕೊಟ್ಟಿದ್ದು ಗಾಂಜಾ ಒಳ್ಳೆಯದು ಅಂತಲ್ಲ. ಕಳ್ಳದಂಧೆಯವರ ಲಾಭ ನಿಲ್ಲಬೇಕು, ಚಿಕ್ಕವರ ಕೈಗೆ ಸಿಗಬಾರದು ಅಂತ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 19 ತುಂಬಿರಬೇಕು, ಕ್ವಿಬೆಕ್ ಪ್ರಾಂತ್ಯದಲ್ಲಿ 21. ಪೊಟ್ಟಣದ ಮೇಲೆ ಕೆಂಪು ಗುರುತು, ಅದರೊಳಗೆ ಎಲೆ ಮತ್ತು ‘ಟಿಎಚ್‌ಸಿ’ ಅಂತ ಇರುತ್ತದೆ. ಜೊತೆಗೆ ಹಳದಿ ಚೌಕದಲ್ಲಿ ಎಚ್ಚರಿಕೆ. ಆ ಹಳದಿ ಚೌಕವನ್ನು ಫೋನಿನಲ್ಲೇ ಓದಿ ಹೇಳು ಅಂತ ಮಗನಿಗೆ ಹೇಳಿ. ಥಾಯ್ಲೆಂಡ್ ಕೂಡ 2022ರಲ್ಲಿ ನಿಷೇಧ ತೆಗೆಯಿತು. 2025ರಲ್ಲಿ ಮತ್ತೆ ವೈದ್ಯರ ಚೀಟಿ ಬೇಕು ಅಂತು.

ಭಾರತದಲ್ಲೂ ಅನುಮತಿ ಕೊಡಬೇಕಾ ಅಂತ ಎಷ್ಟೋ ಜನ ಕೇಳುತ್ತಾರೆ. ಸೇದಿದ ಹುಡುಗನನ್ನು ಜೈಲಿಗೆ ಹಾಕುವುದು ತಪ್ಪು ಅಂತಲೇ ನಾನು ಹೇಳುತ್ತೇನೆ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇವನೆಗೆ 6 ತಿಂಗಳವರೆಗೆ ಶಿಕ್ಷೆ ಇದೆ. ಆ ಹೆದರಿಕೆಗೇ ಅಪ್ಪ ಅಮ್ಮಂದಿರು ತಡವಾಗಿ ನಮ್ಮ ಹತ್ತಿರ ಬರುತ್ತಾರೆ. ಆದರೆ ಬೀದಿಗೊಂದು ಅಂಗಡಿ ಬೇಡ. ಬಾರಿನಲ್ಲೇ ವಯಸ್ಸು ಕೇಳುವವರು ಕಡಿಮೆ, ಗಾಂಜಾ ಅಂಗಡಿಯಲ್ಲಿ ಕೇಳುತ್ತಾರಾ?

ಮಗನಿಗೆ ಬೈಯಬೇಡಿ. ತಾನಾಗಿ ಹೇಳಿದ್ದಾನೆ, ಆ ಬಾಗಿಲು ಮುಚ್ಚಿಸಬೇಡಿ. ಚಿಕ್ಕಪ್ಪನ ಕಾಯಿಲೆ ಹೇಗೆ ಶುರುವಾಯಿತು ಅಂತ ಏನೂ ಮುಚ್ಚಿಡದೆ ಹೇಳಿ. ನಿದ್ದೆ ಕೆಟ್ಟರೆ, ಅನುಮಾನ ಜಾಸ್ತಿಯಾದರೆ, ಯಾರೋ ಮಾತಾಡಿದಂತೆ ಕೇಳಿಸಿದರೆ ಅವತ್ತೇ ಕಾಲೇಜಿನ ವೈದ್ಯರ ಹತ್ತಿರ ಹೋಗಲಿ. ರಜಕ್ಕೆ ಬರುವಾಗ ಬ್ಯಾಗಿನ ಮೂಲೆಮೂಲೆ ನೋಡಿಕೊಂಡು ಬರಲಿ. ಗಾಂಜಾ ಹಿಡಿದು ಗಡಿ ದಾಟುವುದು ಕೆನಡಾದಲ್ಲೂ ಅಪರಾಧ, ಇಲ್ಲೂ ಅಪರಾಧ.

ಪ್ರಶ್ನೆ: ಭಂಗಿ ಸೊಪ್ಪಿಗೆ, ಅಂದರೆ ಗಾಂಜಾ ಗಿಡದ ಎಲೆಗೆ, ನಿಷೇಧ ಇಲ್ಲವಲ್ಲ?

ಕಾಯ್ದೆ ಹೇಳುವ ಗಾಂಜಾ ಅಂದರೆ ಹೂವಿನ ತೆನೆ, ಬರೀ ಎಲೆ ಅದರಲ್ಲಿ ಬರಲ್ಲ. ಆದರೆ ಟಿಎಚ್‌ಸಿ ಎಲೆಯಲ್ಲೂ ಇದೆ.